ಟೋಫೆಲ್ ಜೂನಿಯರ್‌ನಲ್ಲಿ 600 ಬಂದರೆ ‘ಪಾಸ್’ ಅಲ್ಲ
ಡೊಂಬಿವಲಿಯ ನಮ್ಮ ಕನ್ನಡ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದಿಂದ ಒಂದು ಮೆಸೇಜ್ ಓಡಾಡುತ್ತಿದೆ: ‘ಟೋಫೆಲ್ ಜೂನಿಯರ್‌ನಲ್ಲಿ 900ಕ್ಕೆ 600 ಬಂದರೆ ಪಾಸ್, ವಿದೇಶದ ಕಾಲೇಜು ಗ್ಯಾರಂಟಿ.’ ಎರಡೂ ತಪ್ಪು.

ಟೋಫೆಲ್ ಜೂನಿಯರ್ ಅಂದರೆ ಶಾಲಾ ಮಕ್ಕಳ ಇಂಗ್ಲಿಷ್ ಮಟ್ಟ ಅಳೆಯುವ ಪರೀಕ್ಷೆ. ಇದರಲ್ಲಿ ಪಾಸು, ಫೇಲು ಇಲ್ಲವೇ ಇಲ್ಲ. ಇದರ ‘ಸ್ಟ್ಯಾಂಡರ್ಡ್’ ಎಂಬ ಮಾದರಿಯಲ್ಲಿ ಮೂರು ಭಾಗ: ಕೇಳಿ ಅರ್ಥ ಮಾಡಿಕೊಳ್ಳುವುದು, ವ್ಯಾಕರಣ ಮತ್ತು ಪದಗಳು, ಓದು. ಒಂದೊಂದಕ್ಕೂ ಅಂಕ ಶುರುವಾಗುವುದೇ 200ರಿಂದ, ಮುಗಿಯುವುದು 300ಕ್ಕೆ. ಅಂದರೆ 600 ತೀರಾ ಕೆಳಗಿನ ಮೆಟ್ಟಿಲು. ಸುಮ್ನೆ ಶೇಕಡಾ 67 ಅಂತ ಲೆಕ್ಕ ಹಾಕಿ ಪೇಡಾ ಹಂಚಬೇಡಿ! ಒಟ್ಟು ಅಂಕಕ್ಕಿಂತ ಬಿಡಿ ಅಂಕ ನೋಡಿ. ಕೇಳುವುದರಲ್ಲಿ 285, ಓದಿನಲ್ಲಿ 225 ಬಂದರೆ ಎಲ್ಲಿ ಕೆಲಸ ಬಾಕಿ ಅಂತ ಗೊತ್ತಾಗುತ್ತದೆ, ಅಲ್ವಾ?

ಕಾಲೇಜುಗಳು ಕೇಳುವುದು ಟೋಫೆಲ್ ಐಬಿಟಿ. ಅದು ಬೇರೆಯೇ ಪರೀಕ್ಷೆ.