ಗೈಡ್ ನೋಡಿದ ರಾತ್ರಿ ಮಳೆ ಬಂತು

ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಳಗಿನ ಜಾವವೇ ಎದ್ದು ಅಮ್ಮ ಮತ್ತು ನನ್ನ ಹೆಂಡತಿ ತಾರಸಿಯ ಮೇಲೆ ಅಪ್ಪನ ಹಳೇ ಪಂಚೆ ಹಾಸಿ, ಎರಡು ಸೇರು ಅಕ್ಕಿಯ ಸಂಡಿಗೆ ಇಟ್ಟಿದ್ದರು. ಕಾಗೆ ಓಡಿಸುವ ಕೆಲಸ ನನ್ನದು. ಸಂಜೆ ಹೊತ್ತಿಗೆ ಮೂವರಿಗೂ ಸೊಂಟ ಹಿಡಿದುಕೊಂಡಿತ್ತು. ಕಾಗೆ ಓಡಿಸಿದವನಿಗೆ ಸೊಂಟ ಯಾಕೆ ಹಿಡಿಯಿತು ಅಂತ ಹೆಂಡತಿ ಕೇಳಿದಳು. ನಾನು ಮಾತು ಬದಲಿಸಿ, "ಇವತ್ತು ಗೈಡ್ ಹಾಕ್ತೀನಿ, ಎಲ್ಲರೂ ಕೂತು ನೋಡೋಣ" ಅಂದೆ. ಅಮ್ಮನ ಸೊಂಟ ಅರ್ಧ ಅಲ್ಲೇ ಸರಿಹೋಯಿತು.

ನಮ್ಮ ಮನೆಯಲ್ಲಿ ಗೈಡ್ ಅಂದರೆ ದೇವಾನಂದ್ ಮಾಡಿದ ಹಳೇ ಹಿಂದಿ ಪಿಕ್ಚರ್ ಅಲ್ಲ, ಅದರ ಹಾಡು. ಸಂಗೀತ ಎಸ್.ಡಿ. ಬರ್ಮನ್, ಬರೆದವರು ಶೈಲೇಂದ್ರ, ಹಾಡಿದ್ದು ಲತಾ, ರಫಿ, ಕಿಶೋರ್ ಅನ್ನುವುದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲು ತಿಳಿದದ್ದು ದೋಸೆ. ವಿವಿಧ ಭಾರತಿಯಲ್ಲಿ 'ಪಿಯಾ ತೋಸೆ ನೈನಾ ಲಾಗೇ ರೇ' ಬಂದರೆ ಅಮ್ಮ ಕಾವಲಿಯ ಮುಂದೆ ನಿಂತೇ ದನಿಗೂಡಿಸುತ್ತಿದ್ದಳು. ಅವಳ ಬಾಯಲ್ಲಿ ಅದು 'ಪಿಯಾ ದೋಸೆ'. ನನ್ನ ಕಿವಿಯಲ್ಲೂ ಅದೇ. ಹಿಂದಿಯವರು ಕೂಡ ದೋಸೆಯ ಮೇಲೆ ಹಾಡು ಕಟ್ಟಿದ್ದಾರಲ್ಲ ಅಂತ ಮೈಸೂರಿನವನಾದ ನನಗೆ ಎಷ್ಟು ಹೆಮ್ಮೆ ಅಂತೀರಿ! ಪೂರ್ತಿ ಹಾಕಿದರೆ ಎಂಟು ನಿಮಿಷಕ್ಕೂ ಜಾಸ್ತಿ ಬರುವ ಹಾಡು ಅದು. ಐದಾರು ದೋಸೆ ಆರಾಮವಾಗಿ ಏಳುತ್ತಿದ್ದವು. ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು 'ತೋಸೆ' ಅಂದರೆ 'ನಿನ್ನಲ್ಲಿ' ಅಂತ ಬಿಡಿಸಿ ಹೇಳಿದ ದಿನ ನಾನು ಬಹಳ ಬೇಜಾರಾಗಿ ಮನೆಗೆ ಬಂದೆ. ಅಮ್ಮನಿಗೆ ಹೇಳಿದೆ. "ಇರಬಹುದು" ಅಂದಳು. ಹಾಡುವುದನ್ನು ಮಾತ್ರ ಬದಲಿಸಲಿಲ್ಲ.

ಇದಕ್ಕಿಂತ ಮಜಾ ಇನ್ನೊಂದು ಹಾಡಿನದು. 'ಮೋಸೆ ಛಲ್ ಕಿಯೇ ಜಾಯೇ' ಅಂತ ಲತಾ ಹಾಡುತ್ತಾರಲ್ಲ, ಅದು ಯಾರೋ ಯಾರಿಗೋ ಮಾಡಿದ ಮೋಸದ ಹಾಡು ಅಂತ ಅಮ್ಮ ಮೊದಲಿನಿಂದಲೂ ಹೇಳುತ್ತಿದ್ದಳು. ನಾನು ಕಲಿತವನು, ನಕ್ಕೆ. ಮೋಸೆ ಅಂದರೆ ಮೋಸ ಅಲ್ಲಮ್ಮ, 'ನನಗೆ' ಅಂತ. ಆಮೇಲೆ ನಿಘಂಟು ತೆಗೆದು ನೋಡಿದರೆ, ಛಲ ಅಂದರೆ ನಮ್ಮ ಹಠ ಅಲ್ಲ, ಹಿಂದಿಯಲ್ಲಿ ಅದೇ ಮೋಸ! ಎರಡು ಪದಕ್ಕೂ ತಪ್ಪು ಅರ್ಥ ಮಾಡಿಕೊಂಡು ಅಮ್ಮ ಹಾಡಿಗೆ ಸರಿಯಾದ ಅರ್ಥ ಹೇಳಿದ್ದಳು. ನಾನು ಮೂರು ಹಿಂದಿ ಪರೀಕ್ಷೆ ಕಟ್ಟಿ ಪಾಸು ಮಾಡಿ ಸೋತಿದ್ದೆ.

ಇನ್ನು ಸೀರೆಯ ವಿಷಯ. ಅಮ್ಮ ಗೈಡ್ ನೋಡಿದ್ದು 1965ರಲ್ಲಿ ಟಾಕೀಸಿನಲ್ಲಲ್ಲ. ಎಂಬತ್ತರ ದಶಕದಲ್ಲಿ, ಪಕ್ಕದ ಮನೆಯ ಕಪ್ಪು ಬಿಳುಪು ಟಿವಿಯಲ್ಲಿ, ದೂರದರ್ಶನದ ಭಾನುವಾರದ ಹಿಂದಿ ಪಿಕ್ಚರ್ ಆಗಿ. ಆ ಮನೆಯವರು ಸ್ವಲ್ಪ ಶೋಕಿಯ ಜನ. ಪರದೆಗೆ ಒಂದು ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಮೇಲೆ ನೀಲಿ, ನಡುವೆ ಒಂಥರಾ ಕಿತ್ತಳೆ, ಕೆಳಗೆ ಹಸಿರು. ಹಾಗಾಗಿ ವಹೀದಾ ರೆಹಮಾನ್ ನಿಂತರೆ ಸೆರಗು ನೀಲಿ, ನೆರಿಗೆ ಹಸಿರು. ಕೂತರೆ ಪೂರ್ತಿ ಹಸಿರು. ಅಮ್ಮ ಅಂಥದೇ ಸೀರೆ ಬೇಕು ಅಂತ ಅಂಗಡಿ ಅಂಗಡಿ ತಿರುಗಿದ್ದಳು. ಬೆಂಗಳೂರಿನ ಟಾಕೀಸಿನಲ್ಲಿ ನೋಡಿ ಬಂದಿದ್ದ ಚಿಕ್ಕಮ್ಮ, "ಆ ಬಣ್ಣವೇ ಅಲ್ಲ ಕಣೇ" ಅಂದರು. ನಲವತ್ತು ವರ್ಷದಿಂದ ಅಕ್ಕತಂಗಿಯರು ಆ ವಿಷಯದಲ್ಲಿ ರಾಜಿಯಾಗಿಲ್ಲ. ಇನ್ನೊಂದು ಸಂಕಟ ಏನಂದರೆ, ಅವತ್ತು ಪಿಕ್ಚರಿನ ನಾಯಕ ರಾಜು, ಅಂದರೆ ದೇವಾನಂದ್, ಮಳೆಗಾಗಿ ಉಪವಾಸಕ್ಕೆ ಕೂತ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಪಿಕ್ಚರಿನ ಕೊನೆ ಏನಾಯಿತು ಅಂತ ಅಮ್ಮ ಇವತ್ತಿಗೂ ನೋಡಿಲ್ಲ. ಕೇಳಿದರೆ ಹೇಳಬೇಡ ಅನ್ನುತ್ತಾಳೆ, "ನಾನೇ ನೋಡ್ತೀನಿ".

ಏಳೂವರೆಗೆ ಶುರು ಮಾಡಬೇಕು ಅಂದುಕೊಂಡೆವು. ಚಂದಾ ಕಟ್ಟಿದ ಆ್ಯಪ್ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಕೊಟ್ಟರೆ ಓಟಿಪಿ ಕೇಳಿತು. ಓಟಿಪಿ ಪುಣೆಯಲ್ಲಿರುವ ಮಗನ ಮೊಬೈಲಿಗೆ ಹೋಯಿತು. ಮಗ ಯಾವುದೋ ಸಂತೆಯ ಹಾಗೆ ಗದ್ದಲದ ಜಾಗದಲ್ಲಿದ್ದ. ಅವನು ಹೇಳಿದ ಆರು ಅಂಕಿಯಲ್ಲಿ ನನಗೆ ಕೇಳಿಸಿದ್ದು ನಾಲ್ಕು. ಕೊನೆಗೆ ಬಿಟ್ಟಿ ಸಿಗುವ ಕಡೆ ಹುಡುಕಿ ಹಾಕಿದೆ. ಅಲ್ಲಿ ಹತ್ತು ನಿಮಿಷಕ್ಕೊಂದು ಜಾಹೀರಾತು. ಮೂರು ಗಂಟೆಯ ಪಿಕ್ಚರಿಗೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ.

ಜೈಲಿನಿಂದ ಹೊರಬಂದ ದೇವಾನಂದ್ ನಡೆಯುತ್ತಾ ಹೊರಟ. 'ವಹಾಂ ಕೌನ್ ಹೈ ತೇರಾ' ಶುರುವಾಯಿತು. ನಾನು ತಕ್ಷಣ ರಿಮೋಟ್ ಒತ್ತಿ ನಿಲ್ಲಿಸಿದೆ. "ಇದನ್ನ ಬರ್ಮನ್ ಅವರೇ ಹಾಡಿದ್ದು. ಆ ಗಂಟಲು ನೋಡಿ, ದೋಣಿ ನಡೆಸುವವರ ಗಂಟಲು."

"ಗೊತ್ತು, ಹಾಕಿ" ಅಂದಳು ಹೆಂಡತಿ.

ರಾಜಸ್ಥಾನ ಬಂದಾಗ ಮತ್ತೆ ನಿಲ್ಲಿಸಿದೆ. ಸುಮ್ನಿರಲು ಆಗುತ್ತದೆಯೇ? ಕತೆ ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರದು. ಮಾಲ್ಗುಡಿಯ ರಾಜು. ಅವರು ಪಿಕ್ಚರಿನವರನ್ನು ಮೈಸೂರಿನ ಸುತ್ತಮುತ್ತ ಕರೆದುಕೊಂಡು ಹೋಗಿ, ಕತೆಯಲ್ಲಿ ಬರುವಂಥ ನದಿ, ಗುಡಿ, ಬೆಟ್ಟ ಎಲ್ಲ ತೋರಿಸಿದರು. ಪಿಕ್ಚರಿನವರು ಎಲ್ಲ ನೋಡಿಕೊಂಡು ಹೋಗಿ ರಾಜಸ್ಥಾನದಲ್ಲಿ ಶೂಟಿಂಗ್ ಮಾಡಿದರು! ನಾರಾಯಣ್ ಅವರಿಗೆ ಎಷ್ಟು ಉರಿಯಿತೆಂದರೆ, ದಾರಿ ತಪ್ಪಿದ ಗೈಡ್ ಅನ್ನುವ ಅರ್ಥದ ಹೆಸರಿಟ್ಟು ಒಂದು ಪ್ರಬಂಧವನ್ನೇ ಬರೆದರು. ಅದಕ್ಕಿಂತ ದೊಡ್ಡ ತಮಾಷೆ, ಆ ಪಿಕ್ಚರಿಗೆ 7 ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅದರಲ್ಲಿ ಒಂದು ಕತೆಗೆ. ಅಂದರೆ ನಾರಾಯಣ್ ಅವರಿಗೆ. ತನ್ನ ಕತೆ ಕೆಡಿಸಿದರು ಅಂತ ಕೊರಗಿದವರಿಗೇ ಕತೆಯ ಬಹುಮಾನ. ಇಷ್ಟೆಲ್ಲ ಹಾಡಿಗೆ ರಾಗ ಹಾಕಿದ ಬರ್ಮನ್ ಅವರಿಗೆ ಮಾತ್ರ ಸಂಗೀತದ ಪ್ರಶಸ್ತಿ ಇಲ್ಲ, ಆ ವರ್ಷ ಅದು ಸೂರಜ್ ಅನ್ನುವ ಪಿಕ್ಚರಿಗೆ ಹೋಯಿತು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ...

"ರೀ," ಅಂದಳು ಹೆಂಡತಿ, "ನೀವು ಗೈಡ್ ಆಗಬೇಡಿ. ಗೈಡ್ ತೋರಿಸಿ."

ಅವಳ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಹೋದ ವರ್ಷ ನಮ್ಮ ಬೀದಿಯ ಗಣೇಶನ ಹಬ್ಬದಲ್ಲಿ ಅವಳು 'ಆಜ್ ಫಿರ್ ಜೀನೇ ಕೀ ತಮನ್ನಾ ಹೈ' ಹಾಡಲು ನಿಂತಿದ್ದಳು. ಕರೋಕೆ ಗುಂಡಿ ಒತ್ತುವವನು ನಾನು. ಆ ಹಾಡಿನ ಒಂದು ಕಿತಾಪತಿ ಏನಂದರೆ, ಅದು ಪಲ್ಲವಿಯಿಂದ ಶುರುವಾಗುವುದೇ ಇಲ್ಲ. ಮೊದಲು ಚರಣದ ಸಾಲು, ಆಮೇಲೆ ಪಲ್ಲವಿ. ನಾವು ಬಚ್ಚಲಲ್ಲಿ ಹಾಡುವವರೆಲ್ಲ ಪಲ್ಲವಿಯಿಂದಲೇ ಹಾಡಿ ರೂಢಿ. ಟ್ರ್ಯಾಕ್ ಹೊರಟಿತು, ಇವಳು ಪಲ್ಲವಿ ಎತ್ತಿದಳು. ಟ್ರ್ಯಾಕ್ ಒಂದು ದಾರಿ, ಇವಳು ಒಂದು ದಾರಿ. ಕೊನೆಯಲ್ಲಿ ಇವಳು ನಿಲ್ಲಿಸಿದ ಮೇಲೂ ಟ್ರ್ಯಾಕ್ ಮುಂದುವರಿಯಿತು. ನಾನು ಗುಂಡಿಯನ್ನೇ ತಪ್ಪು ಒತ್ತಿದ್ದೆ ಅಂತ ಇವತ್ತಿಗೂ ಅವಳ ವಾದ.

ಅದೇ ಹಾಡು ಈಗ ಪರದೆ ಮೇಲೆ ಬಂತು. ರೋಸಿ, ಅಂದರೆ ವಹೀದಾ, ಮಣ್ಣಿನ ಗಡಿಗೆ ಒಡೆದಳು, ಚಿತ್ತೋರದ ಕೋಟೆಯ ಗೋಡೆ ಅಂಚಿನಲ್ಲಿ ನಡೆದಳು. ಅಮ್ಮ ಕನ್ನಡಕ ಒರೆಸಿ ಹಾಕಿಕೊಂಡಳು. ಟಿವಿ ಹತ್ತಿರ ಹೋದಳು. ಸೀರೆ ನೋಡಿದಳು. ಒಂದು ನಿಮಿಷ ಮಾತಿಲ್ಲ. ಆ ಸೀರೆಯ ಬಣ್ಣ ಯಾವುದು ಅಂತ ಇಲ್ಲಿ ಬರೆದರೆ ಚಿಕ್ಕಮ್ಮ ಗೆದ್ದಂತಾಗುತ್ತದೆ, ಅದಕ್ಕೆ ಬರೆಯುವುದಿಲ್ಲ. "ನಿನ್ನ ಟಿವಿಯ ಬಣ್ಣ ಸರಿಯಿಲ್ಲ ಕಣೋ" ಅಂದಳು ಅಮ್ಮ, ವಾಪಸ್ ಬಂದು ಕೂತು.

ಮಿಕ್ಕ ಪಿಕ್ಚರಿಗೆ ಅಮ್ಮನದೇ ವಿವರಣೆ. ಹೆಂಡತಿ ರೋಸಿಯನ್ನು ಬಿಟ್ಟು ಗುಹೆ ಹುಡುಕಿಕೊಂಡು ಹೋಗುವ ಮಾರ್ಕೋ ಬಗ್ಗೆ, "ಬಂಡೆ ನೋಡಿಕೊಂಡು ಇರೋನಿಗೆ ಮದುವೆ ಯಾಕೆ ಬೇಕಿತ್ತು?" ಹೆಂಡತಿ ನನ್ನ ಕಡೆ ನೋಡಿದಳು. ನಾನು ಬಂಡೆ ನೋಡುವವನಲ್ಲ, ಕ್ರಿಕೆಟ್ ನೋಡುವವನು. ಆದರೂ ತಲೆ ತಗ್ಗಿಸಿದೆ. ರಾಜುವಿನ ತಾಯಿ ಮನೆ ಬಿಟ್ಟು ಹೊರಟಾಗ ಅಮ್ಮ ಪೂರ್ತಿ ತಾಯಿಯ ಪಕ್ಷ. ಆ ತಾಯಿಯ ಪಾತ್ರ ಮಾಡಿದ ಲೀಲಾ ಚಿಟ್ನಿಸ್ ಧಾರವಾಡದಲ್ಲಿ ಹುಟ್ಟಿದವರು ಅಂದೆ. ಈ ಸಲ ಪಿಕ್ಚರ್ ನಿಲ್ಲಿಸದೆ ಹೇಳಿದೆ. "ಅದಕ್ಕೇ ಅಷ್ಟು ಮರ್ಯಾದೆಯಿಂದ ಹೋಗ್ತಿದಾರೆ" ಅಂದಳು ಅಮ್ಮ.

'ತೇರೇ ಮೇರೇ ಸಪ್ನೇ' ಬಂದಾಗ ಮಾತ್ರ ಮೂವರೂ ಗಪ್‌ಚಿಪ್. ಆ ಮಬ್ಬು ಬೆಳಕು, ರಫಿಯ ದನಿ, ಕತ್ತರಿ ಜಾಸ್ತಿ ಆಡದ ಉದ್ದುದ್ದ ದೃಶ್ಯ. ನಮ್ಮ ಮದುವೆಯ ಹೊಸದರಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೂತು ಈ ಹಾಡು ಹಾಡಿದ್ದೆ. ಹೆಂಡತಿಗೂ ನೆನಪಾಗಿರಬೇಕು. "ಅವತ್ತು ಕೋತಿ ನನ್ನ ಬ್ಯಾಗ್ ಕಿತ್ಕೊಂಡು ಹೋಯ್ತು" ಅಂದಳು.

ಮುಕ್ಕಾಲು ಪಿಕ್ಚರ್ ಆದಮೇಲೆ ನಾವೇ ಒಂದು ಇಂಟರ್‌ವಲ್ ಕೊಟ್ಟುಕೊಂಡೆವು. ನಲ್ಲಿಯಲ್ಲಿ ನೀರಿಲ್ಲ ಅಂತ ಅಡುಗೆಮನೆಯಿಂದ ಕೂಗು ಬಂತು. ಸಂಪಿನ ಮೋಟರ್ ಹಾಕಿ ಬಂದೆ. ಮೊಸರನ್ನ ಕಲಸಿಕೊಂಡು ಮತ್ತೆ ಕೂತೆವು.

ರಾಜು ಸ್ವಾಮಿಯಾದ. ಊರಿಗೆ ಬರ ಬಂತು. ಹನ್ನೆರಡು ದಿನದ ಉಪವಾಸ ಶುರುವಾಯಿತು. ಅವನು ತುಟಿ ಒಣಗಿಸಿಕೊಂಡು ಮಲಗಿದ್ದಾಗ ಬಾಸುಮತಿ ಅಕ್ಕಿಯ ಜಾಹೀರಾತು ಬಂತು. ಬಿರಿಯಾನಿಯಿಂದ ಹೊಗೆ ಏಳುತ್ತಿತ್ತು. ಅಮ್ಮ ಥೂ ಅಂದಳು. 'ಅಲ್ಲಾಹ್ ಮೇಘ್ ದೇ' ಆಯಿತು. ಇನ್ನು ತಡೆಯಲಾಗಲಿಲ್ಲ. ರಿಮೋಟ್ ಒತ್ತಿಬಿಟ್ಟೆ.

"ಇದೊಂದೇ. ಇದು ಕೊನೇದು. ಈ ಮಳೆಯ ಕತೆ ಎಲ್ಲಿಂದ ಬಂತು ಗೊತ್ತಾ? ನಮ್ಮೂರಿಂದ! ಒಂದು ಸಲ ಮೈಸೂರಿಗೆ ಬರ ಬಂದಿತ್ತು. ಕಾವೇರಿ ಒಣಗಿಹೋಗಿತ್ತು. ಬ್ರಾಹ್ಮಣರನ್ನ ಕರೆಸಿ, ಮೊಣಕಾಲು ಮುಳುಗೋಷ್ಟು ನೀರಲ್ಲಿ ನಿಲ್ಲಿಸಿ ಜಪ ಮಾಡಿಸಿದರು. ಆ ನೀರನ್ನೂ ದುಡ್ಡು ಕೊಟ್ಟು ತರಿಸಬೇಕಾಯ್ತು. ಹನ್ನೊಂದು ದಿನ ಉಪವಾಸ, ಹನ್ನೊಂದು ದಿನ ಮಂತ್ರ. ನಾರಾಯಣ್ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. ಹನ್ನೆರಡನೇ ದಿನ..."

ನಾನು ಸ್ವಲ್ಪ ನಿಲ್ಲಿಸಿದೆ. ಕತೆ ಹೇಳುವವನಿಗೆ ಅಷ್ಟು ನಾಟಕ ಬೇಕು.

"ಹನ್ನೆರಡನೇ ದಿನ ಮಳೆ ಬಂತು."

ಹೊರಗೆ ಧೋ ಅಂತ ಶಬ್ದ.

ಪಿಕ್ಚರ್ ನಿಂತಿದೆ. ಟಿವಿಯಲ್ಲಿ ಶಬ್ದ ಇಲ್ಲ. ಕಿಟಕಿಯ ಹೊರಗೆ ನೀರು ಸುರಿಯುತ್ತಿದೆ. ಸಜ್ಜೆಯ ಮೇಲೆ ಪಟಪಟ ಬೀಳುತ್ತಿದೆ. ನನ್ನ ಮೈಯೆಲ್ಲ ಜುಮ್ಮೆಂದಿತು. ಅಮ್ಮ ಎರಡೂ ಕೈ ಮುಗಿದಳು. "ಬಂತು ನೋಡೋ" ಅಂದಳು. ಹೆಂಡತಿಯೂ ನನ್ನನ್ನು ಮದುವೆಯಾದ ಮೇಲೆ ಮೊದಲ ಸಲ ಗೌರವದಿಂದ ನೋಡಿದಳು. ಆ ಗೌರವ ಸುಮಾರು ಹದಿನೈದು ಸೆಕೆಂಡ್ ಇತ್ತು. ಅಷ್ಟರಲ್ಲಿ ಕಾಲಿಂಗ್ ಬೆಲ್ ಬಡಿದುಕೊಂಡಿತು.

"ಸಾರ್, ಮೋಟರ್ ಆಫ್ ಮಾಡಿ ಸಾರ್! ನಿಮ್ಮ ಟ್ಯಾಂಕ್ ತುಂಬಿ ನೀರೆಲ್ಲ ನಮ್ಮ ಸ್ಕೂಟರ್ ಮೇಲೆ ಬೀಳ್ತಿದೆ!"

ಮೋಟರ್ ಆಫ್ ಮಾಡಿ, ಟಾರ್ಚ್ ಹಿಡಿದು ತಾರಸಿಗೆ ಓಡಿದೆ. ಆಕಾಶ ತುಂಬ ನಕ್ಷತ್ರ. ಒಂದು ಮೋಡ ಇಲ್ಲ. ಟ್ಯಾಂಕಿನ ಕೆಳಗೆ ಅಪ್ಪನ ಪಂಚೆ ಪಾದ ಮುಳುಗುವಷ್ಟು ನೀರಲ್ಲಿತ್ತು. ಎರಡು ಸೇರು ಸಂಡಿಗೆಯ ಒಂದು ಸಾಲೂ ಉಳಿದಿರಲಿಲ್ಲ. ಬೆಳಿಗ್ಗೆ ಪಾತ್ರೆಯಲ್ಲಿ ಹೇಗಿತ್ತೋ ಹಾಗೇ ಆಗಿಹೋಗಿತ್ತು, ಇನ್ನೂ ಸ್ವಲ್ಪ ತೆಳ್ಳಗೆ. ಹೆಂಡತಿ ಹಿಂದೆಯೇ ಬಂದು ನೋಡಿದಳು. ಏನೂ ಅನ್ನಲಿಲ್ಲ. ಪೊರಕೆ ತಂದು ನನ್ನ ಕೈಗೆ ಕೊಟ್ಟಳು.

ತಾರಸಿ ಬಳಿದು, ಪಕ್ಕದ ಮನೆಯವರ ಸ್ಕೂಟರ್ ಒರೆಸಿಕೊಟ್ಟು ಒಳಗೆ ಬರುವಾಗ ಹನ್ನೆರಡು ಹತ್ತಿರವಾಗಿತ್ತು. ಟಿವಿ ಕಾದು ಕಾದು ತಾನೇ ಆರಿಹೋಗಿತ್ತು. ಅಮ್ಮ ಹಾಸಿಗೆಯಲ್ಲಿದ್ದಳು, ನಿದ್ದೆ ಬಂದಿರಲಿಲ್ಲ.

"ಉಳಿದದ್ದು ಹಾಕಲೇನಮ್ಮ? ಇನ್ನು ಸ್ವಲ್ಪವೇ ಇದೆ."

"ಬೇಡ ಕಣೋ. ಕಣ್ಣು ಎಳೀತಿದೆ." ಆಮೇಲೆ ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿಯೇಬಿಟ್ಟಳು. "ಮಳೆ ಬಂದಮೇಲೆ ಆ ಹುಡುಗನಿಗೆ ಊಟ ಕೊಟ್ಟರಾ?"

ಪಿಕ್ಚರಿನಲ್ಲಿ ಮಳೆ ಬರುತ್ತದೆ, ರಾಜು ಉಳಿಯುವುದಿಲ್ಲ ಅಂತ ನನಗೆ ಗೊತ್ತು. ನಿಮಗೂ ಗೊತ್ತು.

"ಕೊಟ್ಟರು" ಅಂದೆ.

"ಏನು ಕೊಟ್ಟರು?"

ಕೈಯಲ್ಲಿ ಇನ್ನೂ ಪೊರಕೆ ಇತ್ತು. "ಗಂಜಿ" ಅಂದೆ.

"ಅದೇ ಸರಿ. ಹನ್ನೆರಡು ದಿನ ಖಾಲಿ ಹೊಟ್ಟೆ ಅಲ್ವಾ, ಸಾರು ಅನ್ನ ಹಾಕಿದ್ದರೆ ಕೆಡುತ್ತಿತ್ತು" ಅಂದು ಅಮ್ಮ ಮಗ್ಗುಲು ಬದಲಿಸಿದಳು.