ಚಿಕ್ಕಪೇಟೆ ಇಕ್ಕಟ್ಟು ನಿಜ, ಅಡ್ಡಾದಿಡ್ಡಿ ಅಲ್ಲ

'ಹಳೇ ಬೆಂಗಳೂರು ಯೋಜನೆಯಿಲ್ಲದೆ ಬೆಳೆದ ಊರು' ಅಂತ ಇಲ್ಲಿನ ಹಳೆ ಮನೆಗಳ ಕುಸಿತದ ಬಗ್ಗೆ ಬಂದ ಲೇಖನವೊಂದರಲ್ಲಿದೆ. ಇದನ್ನು ಒಪ್ಪೋದು ಕಷ್ಟ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಗೆ ಎರಡು ಮುಖ್ಯ ಬೀದಿ: ಉತ್ತರ-ದಕ್ಷಿಣಕ್ಕೆ ದೊಡ್ಡಪೇಟೆ (ಈಗಿನ ಅವೆನ್ಯೂ ರಸ್ತೆ), ಪೂರ್ವ-ಪಶ್ಚಿಮಕ್ಕೆ ಚಿಕ್ಕಪೇಟೆ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಲ್ಲ ಕಸುಬಿನ ಲೆಕ್ಕದಲ್ಲಿ ಹಂಚಿದ್ದು. ಪೇಟೆ ಸುತ್ತಿನ ಕೋಟೆಯ ಬಾಗಿಲುಗಳು ಹೋಗಿ ಎಷ್ಟೋ ಕಾಲವಾಯ್ತು, ಹಲಸೂರು ಗೇಟ್ ಪೊಲೀಸ್ ಠಾಣೆಯಂಥ ಹೆಸರುಗಳಲ್ಲಿ ಮಾತ್ರ ಉಳಿದಿವೆ. 1898ರ ಪ್ಲೇಗ್ ನಂತರ ಅನುಕೂಲಸ್ಥರು ಬಸವನಗುಡಿ, ಮಲ್ಲೇಶ್ವರಕ್ಕೆ ಹೋದರು, ವ್ಯಾಪಾರ ಇಲ್ಲೇ ನಿಂತಿತು.

ಹಳೆ ಮನೆಗಳು ಕುಸಿಯೋದಕ್ಕೆ ವಯಸ್ಸೊಂದೇ ಕಾರಣ ಅಲ್ಲ. ಮಣ್ಣಿನ ಗೋಡೆ, ಮೇಲೆ ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಮಗ್ಗುಲಾಗಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದು. ಈ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಒಳಗಿನ ತೇವ ಆರೋದಿಲ್ಲ, ಮಣ್ಣು ಮೆತ್ತಗಾಗುತ್ತೆ, ಗೋಡೆಯೊಳಗೆ ಸೇರಿದ ತೊಲೆಯ ತುದಿ ಕೊಳೆಯುತ್ತೆ. ಹೊರಗಿಂದ ನೋಡಿದರೆ ಗೊತ್ತೇ ಆಗಲ್ಲ, ಹೊಸ ಬಣ್ಣ ಬೇರೆ! ಅದಕ್ಕಿಂತ ದೊಡ್ಡ ಅಪಾಯ ಅಂದರೆ ಅಂಗಡಿ ಅಗಲ ಮಾಡೋಕೆ ಕೆಳಗಿನ ಗೋಡೆ ಒಡೆಯೋದು. ಎರಡು ಮನೆಗೂ ಸೇರಿದ ಗೋಡೆಯಾಗಿದ್ದರೆ ಪಕ್ಕದವರ ತಾರಸಿಯ ಭಾರವೂ ಅದರ ಮೇಲೇ ಇರುತ್ತೆ. ರಿಪೇರಿಗೆ ಸುಣ್ಣದ ಗಾರೆಯನ್ನೇ ಬಳಸಿ. ಒಡೆಯೋ ಮುಂಚೆ ತೊಲೆ ಯಾವ ಗೋಡೆ ಮೇಲೆ ಕೂತಿದೆ ನೋಡಿ.