ಬಾಯಿಯ ಎಚ್‌ಪಿವಿ ಟೆಸ್ಟ್: ಚೆನ್ನಾಗಿರುವ ಹುಡುಗಿಯರಿಗೆ ಯಾಕೆ?

ಯಾವ ತೊಂದರೆಯೂ ಇಲ್ಲದ ಇಪ್ಪತ್ತರ ಆಸುಪಾಸಿನ ಹುಡುಗಿಯರ ಬಾಯಲ್ಲಿ ಎಚ್‌ಪಿವಿ (ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಅಂಟುವ, ಕೆಲವರಿಗೆ ಮುಂದೆ ಕ್ಯಾನ್ಸರ್ ತರಬಹುದಾದ) ವೈರಸ್ ಇದೆಯಾ ಅಂತ ಹುಡುಕುವುದು ಬೇಡ ಅನ್ನುವವಳು ನಾನು. ಪರಿಚಯದ ಹುಡುಗಿಯೊಬ್ಬಳು "ಆಂಟಿ, ಗೊತ್ತಿದ್ದರೆ ಒಳ್ಳೇದಲ್ವಾ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಟೆಸ್ಟ್ ಏನೋ ಸುಲಭ. ಕೊಟ್ಟ ದ್ರಾವಣವನ್ನು ಬಾಯಲ್ಲಿ ಮುಕ್ಕಳಿಸಿ, ಗಂಟಲಿಗೂ ತಾಗಿಸಿ ಉಗುಳಿದರೆ ಆಯಿತು. ಲ್ಯಾಬಿನವರು ಅದರಲ್ಲಿ ವೈರಸ್ಸಿನ ಡಿಎನ್‌ಎ ಹುಡುಕುತ್ತಾರೆ. ಕಷ್ಟ ಶುರುವಾಗುವುದು "ಪಾಸಿಟಿವ್" ಅಂತ ಬಂದ ಮೇಲೆ.

ಗರ್ಭಕಂಠದಲ್ಲಿ ಇದೇ ವೈರಸ್ ಸಿಕ್ಕರೆ ಮುಂದೇನು ಅಂತ ಡಾಕ್ಟರಿಗೆ ಗೊತ್ತು. ಕಾಲ್ಪೊಸ್ಕೋಪಿಯಲ್ಲಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡುತ್ತಾರೆ, ಅನುಮಾನ ಬಂದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಆಗುವ ಮುಂಚೆಯೇ ಆ ಭಾಗವನ್ನು ಸುಟ್ಟೋ ಕತ್ತರಿಸಿಯೋ ತೆಗೆಯಬಹುದು. ಗಂಟಲಲ್ಲಿ ಹಾಗಲ್ಲ. ಅಲ್ಲಿ ಎಚ್‌ಪಿವಿ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಟಾನ್ಸಿಲ್‌ನಲ್ಲಿ, ನಾಲಿಗೆಯ ಬುಡದಲ್ಲಿ. ಟಾನ್ಸಿಲ್ ತುಂಬ ಆಳವಾದ ಸಂದುಗಳು. ಕ್ಯಾನ್ಸರಿಗೆ ಮುಂಚಿನ ಹಂತ ಅಲ್ಲಿ ಕಣ್ಣಿಗೂ ಕಾಣುವುದಿಲ್ಲ, ಮಾದರಿ ತೆಗೆಯುವ ಬ್ರಷ್ಷಿಗೂ ಸಿಗುವುದಿಲ್ಲ. ವೈರಸ್ ಓಡಿಸುವ ಮಾತ್ರೆಯೂ ಇಲ್ಲ. ಇನ್ನು ಡಾಕ್ಟರು ಹೇಳುವುದಾದರೂ ಏನು? ಕಾಯೋಣ ಅಂತ. ಸುಮ್ನೆ ಕಾಯುವುದಕ್ಕೆ ದುಡ್ಡು ಕೊಡಬೇಕಾ?

ಬಹಳಷ್ಟು ಜನರಲ್ಲಿ ಈ ವೈರಸ್ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಅಮೆರಿಕದಲ್ಲಿ 2009-10ರಲ್ಲಿ 14ರಿಂದ 69 ವರ್ಷದವರ ಬಾಯಿ ಪರೀಕ್ಷಿಸಿದ ದೊಡ್ಡ ಸಮೀಕ್ಷೆಯಲ್ಲಿ ಗಂಡಸರಲ್ಲಿ ಶೇ. 10.1, ಹೆಂಗಸರಲ್ಲಿ ಶೇ. 3.6 ಮಂದಿಗೆ ಯಾವುದೋ ಒಂದು ಎಚ್‌ಪಿವಿ ಇತ್ತು. ಜಾಸ್ತಿ ಅಪಾಯದ 16ನೇ ತಳಿ ಇದ್ದದ್ದು ಒಟ್ಟು ಶೇ. 1 ಮಂದಿಗೆ. ಈ ಗಂಟಲ ಕ್ಯಾನ್ಸರ್ ಅಲ್ಲಿ ಕಾಡುವುದೂ ಹೆಚ್ಚಾಗಿ ನಡುವಯಸ್ಸಿನ, ಅದಕ್ಕೂ ಮೇಲಿನ ಗಂಡಸರನ್ನು. ಆದರೂ ಟೆಸ್ಟ್ ಅಂದ ಕೂಡಲೇ ನಮಗೆ ನೆನಪಾಗುವವರು ಹುಡುಗಿಯರು!

ನಮ್ಮ ಮನೆಗಳಲ್ಲಂತೂ ಮದುವೆಯಾಗದ ಹುಡುಗಿಯ ರಿಪೋರ್ಟು "ಪಾಸಿಟಿವ್" ಬಂದರೆ ಅದು ಬರೀ ವೈರಸ್ಸಿನ ಮಾತಾಗಿ ಉಳಿಯುತ್ತಾ? ಯಾರ ಜೊತೆ ಓಡಾಡುತ್ತಿದ್ದೀಯಾ ಅಂತ ವಿಚಾರಣೆ ಶುರು. ಯಾವಾಗ ಅಂಟಿತು, ಯಾರಿಂದ ಅಂಟಿತು ಅಂತ ಆ ಟೆಸ್ಟ್ ಹೇಳುವುದೇ ಇಲ್ಲ. ಅದನ್ನು ಅತ್ತೆ-ಚಿಕ್ಕಮ್ಮಂದಿರಿಗೆ ವಿವರಿಸುವವರು ಯಾರು?

ಲಸಿಕೆಯ ವಿಷಯ ಬೇರೆ. ಕೋಸ್ಟರಿಕಾದಲ್ಲಿ 18ರಿಂದ 25 ವರ್ಷದ ಸಾವಿರಾರು ಯುವತಿಯರಲ್ಲಿ ಅರ್ಧದಷ್ಟು ಮಂದಿಗೆ ಎಚ್‌ಪಿವಿ ಲಸಿಕೆ, ಉಳಿದವರಿಗೆ ಹೋಲಿಕೆಗಾಗಿ ಹೆಪಟೈಟಿಸ್ ಎ ಲಸಿಕೆ ಕೊಟ್ಟರು. ನಾಲ್ಕು ವರ್ಷ ಬಿಟ್ಟು ಬಾಯಿ ಪರೀಕ್ಷಿಸಿದಾಗ ಜಾಸ್ತಿ ಅಪಾಯದ 16 ಅಥವಾ 18ನೇ ತಳಿ ಸಿಕ್ಕಿದ್ದು ಹೆಪಟೈಟಿಸ್ ಗುಂಪಿನ 15 ಜನರಲ್ಲಿ. ಎಚ್‌ಪಿವಿ ಲಸಿಕೆ ಪಡೆದವರಲ್ಲಿ ಒಬ್ಬಳಲ್ಲಿ ಮಾತ್ರ. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸೆರ್ವಾವ್ಯಾಕ್ ಅನ್ನುವ ಎಚ್‌ಪಿವಿ ಲಸಿಕೆ ಈಗ ನಮ್ಮಲ್ಲೇ ಸಿಗುತ್ತದೆ. 9ರಿಂದ 26 ವರ್ಷದವರಿಗೆ, ಹುಡುಗರಿಗೂ ಹಾಕಿಸಬಹುದು. ಈಗಾಗಲೇ ಒಳಗಿರುವ ವೈರಸ್ಸನ್ನು ಅದು ಓಡಿಸುವುದಿಲ್ಲ, ಅಷ್ಟೇ.

ನನಗೆ ನಿಜಕ್ಕೂ ಬೇಜಾರಾಗುವುದು ಇನ್ನೊಂದಕ್ಕೆ. ಮಗಳಿಗೆ ಬಾಯಿಯ ಟೆಸ್ಟ್ ಮಾಡಿಸಲು ಓಡುವ ಅಮ್ಮ ತನ್ನ ಗರ್ಭಕಂಠದ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿರುವುದಿಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂತು, ಸತ್ತವರು 80 ಸಾವಿರದ ಹತ್ತಿರ. 30 ದಾಟಿದವರಿಗೆ ಈ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಮುಜುಗರ ಅಂತ ಮುಂದೂಡುತ್ತಲೇ ಇರುತ್ತೇವೆ.

ಇನ್ನು ನಮ್ಮಲ್ಲಿನ ಬಾಯಿ ಕ್ಯಾನ್ಸರಿಗೆ ದೊಡ್ಡ ಕಾರಣ ಹೊಗೆಸೊಪ್ಪು, ಗುಟ್ಕಾ, ಅಡಿಕೆ. ಮನೆಯಲ್ಲಿ ಜಗಿಯುವವರಿದ್ದರೆ ಮೊದಲು ಅವರ ಬಾಯಿ ತೋರಿಸಿ. ಬರೀ ಟಾರ್ಚ್ ಬೆಳಕಲ್ಲಿ ಕಣ್ಣಿಂದ ನೋಡುವ ಪರೀಕ್ಷೆ ಅದು. ಮತ್ತೆ ಯಾರಿಗೇ ಆಗಲಿ, ಕುತ್ತಿಗೆಯ ಗಂಟೋ ಬಾಯಿಯ ಹುಣ್ಣೋ ಎರಡು-ಮೂರು ವಾರವಾದರೂ ಹೋಗದಿದ್ದರೆ ಲ್ಯಾಬಿಗಲ್ಲ, ನೇರವಾಗಿ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.